ಕಾಶಿಗೆ ಹೊರಟವರನ್ನು ತಡೆಯಬೇಡಿ



ಬರುವ ಗಣೇಶನ ಹಬ್ಬದ ಮಾರನೆಯ ವಾರ ನಾವು ಗಂಡ ಹೆಂಡತಿ ಇಬ್ಬರೂ ಮನೆಗೆ ಬೀಗ ಹಾಕಿ, ಹತ್ತು ತಿಂಗಳು ಲೋಕ ಸುತ್ತಲು ಹೊರಡುತ್ತಿದ್ದೇವೆ. ಈ ವಿಷಯವನ್ನು ಯುಗಾದಿ ಊಟದ ಪಂಕ್ತಿಯಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಹೋಳಿಗೆ ಬಡಿಸುವ ಹೊತ್ತಿಗೆ ಸುದ್ದಿ ಇಡೀ ಹಾಲ್ ಸುತ್ತಿ ಬಂದಿತ್ತು. ಅಲ್ಲಿಂದ ಐ-95 ಹಿಡಿದು ದಕ್ಷಿಣಕ್ಕೆ ಹೊರಟ ಸುದ್ದಿ ರಿಚ್ಮಂಡ್ ದಾಟುವಷ್ಟರಲ್ಲಿ "ಕೆಲಸ ಹೋಯಿತಂತೆ" ಎಂದಾಯಿತು. ಐ-85ಕ್ಕೆ ತಿರುಗಿ ಉತ್ತರ ಕೆರೊಲೈನಾ ಸೇರುವಾಗ "ಯಾರಿಗೋ ದೊಡ್ಡ ಕಾಯಿಲೆಯಂತೆ" ಎಂದು ಬೆಳೆಯಿತು. ಅಟ್ಲಾಂಟಾದಲ್ಲಿರುವ ನಮ್ಮ ಷಡ್ಡಕರ ಕಿವಿಗೆ ಬೀಳುವ ವೇಳೆಗೆ ನಾವಿಬ್ಬರೂ ಯಾವುದೋ ಆಶ್ರಮ ಸೇರಿಯಾಗಿತ್ತು! ಪಾಪ, ಅವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಏನಾದರೂ ಇದ್ದರೆ ಮನಸ್ಸು ಬಿಚ್ಚಿ ಹೇಳಿ" ಎಂದರು.

ಏನೂ ಇಲ್ಲ ಸ್ವಾಮಿ. ಆರೋಗ್ಯ ನೆಟ್ಟಗಿದೆ, ಸಂಸಾರ ನೆಟ್ಟಗಿದೆ. ಅದಕ್ಕೇ ಹೊರಟಿದ್ದೇವೆ. ಇವೆರಡೂ ಕೆಟ್ಟ ಮೇಲೆ ಹೊರಡುವುದೆಲ್ಲಿಗೆ?

ನಮ್ಮಲ್ಲಿ ಅನೇಕರ ಮದುವೆಯಲ್ಲಿ ಕಾಶಿಯಾತ್ರೆಯ ಶಾಸ್ತ್ರ ನಡೆದಿದೆ. ಮದುಮಗ ಪಂಚೆಯುಟ್ಟು, ಕೊಡೆ, ಕೋಲು ಹಿಡಿದು ಕಾಶಿಗೆ ಹೊರಡುತ್ತಾನೆ. ಹೆಣ್ಣಿನ ಕಡೆಯವರು ಅಡ್ಡ ನಿಂತು, "ಕಾಶಿ ಆಮೇಲಾಯಿತು, ನಮ್ಮ ಹುಡುಗಿಯನ್ನು ಮದುವೆಯಾಗಿ ಗೃಹಸ್ಥನಾಗು" ಎಂದು ತಿರುಗಿಸಿಕೊಂಡು ಬರುತ್ತಾರೆ. ಎಲ್ಲರೂ ನಗುತ್ತಾರೆ, ಫೋಟೋ ತೆಗೆಯುತ್ತಾರೆ. ಅಂದು ತಿರುಗಿ ಬಂದವನು ಆಮೇಲೆ ಎಂದಾದರೂ ಕಾಶಿಗೆ ಹೋದನೇ ಎಂದು ಯಾರೂ ಕೇಳುವುದಿಲ್ಲ. ಇನ್ನು ಹುಡುಗಿಗೂ ಕಾಶಿಗೆ ಹೋಗುವ ಆಸೆ ಇತ್ತೇ ಎಂದಂತೂ ಕೇಳುವವರೇ ಇಲ್ಲ. ಈಗ ಕೂಟದ ಬಂಧುಗಳೆಲ್ಲ ಸೇರಿ ನಮಗೆ ಅಡ್ಡ ನಿಂತಿದ್ದೀರಿ. ಆದರೆ ಈ ಸಲ ಕೊಡೆಗಳು ಎರಡಿವೆ, ತಡೆಯುವುದು ಅಷ್ಟು ಸುಲಭವಲ್ಲ.

"ಸಮುದ್ರ ದಾಟಿ ಬಂದವರಿಗೆ ಇನ್ನೆಂಥ ಲೋಕ ಸುತ್ತಾಟ?" ಎಂದರು ಒಬ್ಬ ಹಿರಿಯರು. ಲೆಕ್ಕ ಹಾಕಿ ನೋಡಿದೆವು. ಈ ದೇಶಕ್ಕೆ ಬಂದ ಇಪ್ಪತ್ತಾರು ವರ್ಷಗಳಲ್ಲಿ ಹದಿನೇಳು ಸಲ ಊರಿಗೆ ಹೋಗಿಬಂದಿದ್ದೇವೆ. ಬಹುಪಾಲು ಡಲ್ಲಸ್‌ನಲ್ಲಿ ವಿಮಾನ ಹತ್ತಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಬೆಂಗಳೂರಿನ ವಿಮಾನ ಹಿಡಿದಿದ್ದು. ಮೊದಲು ಭಾರತದ ಪಾಸ್‌ಪೋರ್ಟ್ ಇದ್ದಾಗ ವೀಸಾ ಇಲ್ಲದೆ ಅಲ್ಲಿ ಊರೊಳಗೆ ಬಿಡುತ್ತಿರಲಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಬಂದ ಮೇಲೆ ತೊಂಬತ್ತು ದಿನದವರೆಗೆ ವೀಸಾ ಬೇಡ. ಆದರೆ ಆಗ ನಮಗೇ ಪುರಸೊತ್ತಿಲ್ಲ! ಕಾಳಿದಾಸನ ಶಾಕುಂತಲವನ್ನು ಓದಿ ಮೆಚ್ಚಿ ಕೊಂಡಾಡಿದ ಜರ್ಮನ್ ಕವಿ ಗಯಟೆ ಹುಟ್ಟಿದ್ದು ಆ ಫ್ರಾಂಕ್‌ಫರ್ಟ್‌ನಲ್ಲೇ. ಅವನ ಊರಿನಲ್ಲಿ ನಾವು ಮಾಡಿದ ಘನಕಾರ್ಯವೆಂದರೆ ಪ್ರತಿ ಸಲವೂ ಊರಿನ ಮಕ್ಕಳಿಗೆ ಚಾಕೊಲೇಟ್ ಕೊಂಡದ್ದು. ಇದು ಲೋಕ ನೋಡುವುದಲ್ಲ, ಲೋಕದ ಮೇಲಿನಿಂದ ಹಾರಿಹೋಗುವುದು.

ಇನ್ನು ಆಕ್ಷೇಪಣೆಗಳಿಗೆ ಬರೋಣ.

ಮೊದಲನೆಯದು ಕೆಲಸ. "ಇಷ್ಟು ವರ್ಷದ ಸರ್ವಿಸ್ ಯಾರಾದರೂ ಬಿಡುತ್ತಾರೆಯೇ?" ಎಂಬುದು. ಈ ದೇಶದಲ್ಲಿ ಸಂಬಳ ಸಹಿತ ರಜೆ ಕೊಡಲೇಬೇಕೆಂಬ ಫೆಡರಲ್ ಕಾನೂನು ಖಾಸಗಿ ನೌಕರರಿಗೆ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಕಡ್ಡಾಯ. ಇಲ್ಲಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ವಾಷಿಂಗ್ಟನ್ ಸುತ್ತಿನ ಫೆಡರಲ್ ನೌಕರರಾದರೋ ಪುಣ್ಯವಂತರು. ಹದಿನೈದು ವರ್ಷ ಸರ್ವಿಸ್ ಆದವರಿಗೆ ವರ್ಷಕ್ಕೆ 26 ದಿನ ರಜೆ. ಆದರೆ ಸಾಮಾನ್ಯವಾಗಿ 240 ಗಂಟೆಗಿಂತ ಹೆಚ್ಚು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ, ಬಳಸದೆ ಮಿಕ್ಕದ್ದು ಹೋಯಿತು. ಪ್ರತಿ ಡಿಸೆಂಬರಿನಲ್ಲಿ ನಮ್ಮವರು ಆ ರಜೆ ಹಾಕಿ ಮಾಡುವುದೇನು? ಗ್ಯಾರೇಜು ಗುಡಿಸುವುದು.

ನಮ್ಮ ತಂದೆಯವರು ಕರ್ನಾಟಕ ಸರ್ಕಾರದ ನೌಕರಿಯಲ್ಲಿದ್ದರು. ಗಳಿಕೆ ರಜೆಯನ್ನು ಸರ್ಕಾರಕ್ಕೇ ಒಪ್ಪಿಸಿ ಹಣ ಪಡೆಯುತ್ತಿದ್ದರು. ಆ ಹಣ ನಮ್ಮ ಕಾಲೇಜಿನ ಫೀಸಿಗೆ ಹೋಯಿತು. ಧರ್ಮಸ್ಥಳ, ತಿರುಪತಿ ಬಿಟ್ಟು ಬೇರೆ ಊರು ನೋಡದೆ ಅವರು ಹೋದರು. ಅವರು ರಜೆ ಮಾರಿದ್ದಕ್ಕೆ ಕಾರಣವಿತ್ತು, ಆ ಕಾರಣ ನಾವೇ. ನಾವು ನಮ್ಮ ರಜೆಯನ್ನು ಬಿಟ್ಟಿಯಾಗಿ ಬಿಟ್ಟುಕೊಡುತ್ತಿರುವುದಕ್ಕೆ ಏನು ಕಾರಣ?

ಇರಲಿ. ನಮ್ಮಲ್ಲೊಬ್ಬರಿಗೆ ಕಚೇರಿಯವರು ಸಂಬಳವಿಲ್ಲದ ರಜೆ ಕೊಟ್ಟರು. ಇನ್ನೊಬ್ಬರಿಗೆ ಕೊಡಲಿಲ್ಲ, ರಾಜೀನಾಮೆ ಬರೆದುಕೊಟ್ಟಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಒಪ್ಪಿಕೊಳ್ಳುತ್ತೇವೆ. ವಾಪಸು ಬಂದಾಗ ಕೆಲಸ ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಭದ್ರವೆಂದು ನಂಬಿದ್ದ ಕೆಲಸ ಎಷ್ಟು ಭದ್ರ? 2025ರಲ್ಲಿ ನಮ್ಮ ಸುತ್ತಿನ ಫೆಡರಲ್ ಕಚೇರಿಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡದ್ದನ್ನು ಕಣ್ಣಾರೆ ಕಂಡೆವು. ಒಂದು ದಿನವೂ ಹೆಚ್ಚಿಗೆ ರಜೆ ಕೇಳದೆ ದುಡಿದವರೂ ಅವರಲ್ಲಿದ್ದರು. ಕೆಲಸ ನಮ್ಮನ್ನು ಬಿಡುವ ದಿನಕ್ಕೆ ಕಾಯುವ ಬದಲು ನಾವೇ ಕೆಲವು ತಿಂಗಳು ಅದನ್ನು ಬಿಟ್ಟರೆ ಅಪರಾಧವೇ?

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಎಚ್-1ಬಿ ವೀಸಾದಲ್ಲಿರುವ ನಮ್ಮ ಕಿರಿಯ ಸಂಸಾರಗಳಿಗೆ ಈ ಉಪದೇಶ ಸಲ್ಲದು. ಕೆಲಸ ಬಿಟ್ಟರೆ ಅವರಿಗಿರುವುದು ಹೆಚ್ಚೆಂದರೆ 60 ದಿನ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದವೆಂದು ಬಲ್ಲವರೇ ಬಲ್ಲರು. ಅಮ್ಮನಿಗೆ ಹುಷಾರಿಲ್ಲವೆಂದರೂ ವೀಸಾ ಸ್ಟ್ಯಾಂಪಿಂಗ್‌ಗೆ ಹೆದರಿ ಹೋಗಲಾರದವರು ನಮ್ಮ ನಡುವೆ ಇದ್ದಾರೆ. ಗ್ರೀನ್ ಕಾರ್ಡ್ ಇದ್ದವರೂ ವರ್ಷಕ್ಕೆ ಮೀರಿ ಹೊರಗಿರುವುದಾದರೆ ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಆರು ತಿಂಗಳು ಮೀರಿದರೆ ಸಿಟಿಜನ್‌ಶಿಪ್ ಲೆಕ್ಕಕ್ಕೆ ತೊಡಕಾಗಬಹುದು. ಇವರೆಲ್ಲ ಕಟ್ಟಿಹಾಕಲ್ಪಟ್ಟವರು. ನಮ್ಮ ಜಗಳ ಹಗ್ಗ ಬಿಚ್ಚಿ ಎಷ್ಟೋ ವರ್ಷವಾದರೂ ಗೂಟದ ಸುತ್ತಲೇ ಸುತ್ತುತ್ತಿರುವ ನಮ್ಮಂಥವರ ಜೊತೆ.

ಎರಡನೆಯದು ಇನ್ಶೂರೆನ್ಸ್. ಇದು ನಿಜವಾದ ಭಯ, ನಗುವ ಮಾತಲ್ಲ. ಕೆಲಸ ಬಿಟ್ಟವರು ಕೋಬ್ರಾ ಕಾನೂನಿನ ಪ್ರಕಾರ ಸಾಮಾನ್ಯವಾಗಿ 18 ತಿಂಗಳವರೆಗೆ ಹಳೆಯ ಇನ್ಶೂರೆನ್ಸನ್ನೇ ಮುಂದುವರಿಸಬಹುದು. ಆದರೆ ಕಂಪೆನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು, ಹೆಸರಿಗೆ ತಕ್ಕಂತೆ ಕಚ್ಚುತ್ತದೆ! ಹೊರದೇಶಗಳಿಗೆ ಬೇರೆ ಟ್ರಾವೆಲ್ ಇನ್ಶೂರೆನ್ಸ್ ತೆಗೆದುಕೊಳ್ಳಬೇಕು. ಲೆಕ್ಕ ಹಾಕಿ, ಎದೆ ಗಟ್ಟಿ ಮಾಡಿಕೊಂಡು ಕಟ್ಟುತ್ತಿದ್ದೇವೆ. "65 ಆಗಲಿ, ಮೆಡಿಕೇರ್ ಬರುತ್ತದೆ, ಆಮೇಲೆ ಸುತ್ತೋಣ" ಎನ್ನುವವರು ಒಂದು ವಿಷಯ ತಿಳಿದಿರಲಿ: ಅಮೆರಿಕದ ಹೊರಗೆ ಆದ ವೈದ್ಯದ ಖರ್ಚಿಗೆ ಮೆಡಿಕೇರ್ ಸಾಮಾನ್ಯವಾಗಿ ಬರುವುದೇ ಇಲ್ಲ. ಪೂರ್ತಿ ಸೋಶಿಯಲ್ ಸೆಕ್ಯೂರಿಟಿಗೆ ಕಾಯುವುದಾದರೆ, 1960ರಿಂದ ಈಚೆಗೆ ಹುಟ್ಟಿದ ನಮಗೆಲ್ಲ 67. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯಲ್ಲಿ ಹಲ್ಲಿನ ಜಾಗದಲ್ಲಿ ಮಂಡಿ ಎಂದು ಓದಿಕೊಳ್ಳಿ.

ಮೂರನೆಯದು ಹಣ. "ದುಡ್ಡಿದ್ದವರ ಆಟ" ಎಂದರು ಒಬ್ಬರು. ಅರ್ಧ ಸತ್ಯ. ಉಳಿತಾಯವಿಲ್ಲದವರು ಹೀಗೆ ಹೊರಡಲಾರರು, ಹೊರಡಲೂಬಾರದು. ಆದರೆ ಈ ಮಾತು ಬಂದದ್ದು ಹೊಸ ಅಡುಗೆಮನೆ ತೋರಿಸಲು ನಮ್ಮನ್ನು ಊಟಕ್ಕೆ ಕರೆದಿದ್ದವರ ಬಾಯಿಂದ! ಬೇಸ್‌ಮೆಂಟಿಗೆ ಬಾರು, ಹೋಮ್ ಥಿಯೇಟರು, ಅಡುಗೆಮನೆಗೆ ಗ್ರಾನೈಟು, ಇವುಗಳಿಗೆ ಸುರಿದ ಹಣವನ್ನು ಯಾರೂ ಆಟ ಎನ್ನುವುದಿಲ್ಲ. ನಾವೂ ಹತ್ತು ವರ್ಷದ ಹಿಂದೆ ಹಾಕಿಸಿದವರೇ. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪುಕಲ್ಲು ಹಡಗು ಹತ್ತಿ ಲೋಕವೆಲ್ಲ ಸುತ್ತುತ್ತವೆ. ನಮ್ಮ ಕಲ್ಲಿಗೆ ಸಿಕ್ಕ ಭಾಗ್ಯ ನಮಗೆ ಬೇಡವೇ? ನಮ್ಮ ಹತ್ತು ತಿಂಗಳ ಖರ್ಚಿನ ಅಂದಾಜು ಪಟ್ಟಿ ಕೇಳಿದವರಿಗೆ ಕೊಡುತ್ತೇವೆ, ಗುಟ್ಟೇನಿಲ್ಲ. ಎರಡನೆಯ ಕಾರು ಮಾರಿದ ಹಣವೂ ಅದರಲ್ಲಿದೆ.

ನಾಲ್ಕನೆಯದು ಎಲ್ಲಕ್ಕಿಂತ ಚುಚ್ಚಿದ್ದು: "ಊರಿನಲ್ಲಿ ವಯಸ್ಸಾದ ತಾಯಿ ಇರುವಾಗ ಲೋಕ ಸುತ್ತುವುದು ಯಾವ ಧರ್ಮ?"

ಇದಕ್ಕೆ ಉತ್ತರವನ್ನು ಮೈಸೂರಿನ ಡಿ. ಕೃಷ್ಣಕುಮಾರ್ ಕೊಟ್ಟಿದ್ದಾರೆ. ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಅವರ ತಾಯಿ ಚೂಡಾರತ್ನಮ್ಮನವರು ತುಂಬು ಕುಟುಂಬದ ಅಡುಗೆಮನೆಯಲ್ಲಿ ಬದುಕು ಕಳೆದವರು. ಗಂಡ ತೀರಿಕೊಂಡ ಮೇಲೆ ಒಂದು ದಿನ ಮಗ ಕೇಳಿದಾಗ, ಕರ್ನಾಟಕದೊಳಗಿನ ಹೆಸರಾದ ಸ್ಥಳಗಳನ್ನೂ ತಾವು ನೋಡಿಲ್ಲ ಎಂದರು. ಮಗ ಕೆಲಸ ಬಿಟ್ಟರು. ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ, ಎಪ್ಪತ್ತರ ಹತ್ತಿರದ ತಾಯಿಯನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟರು. ಭಾರತ ಸುತ್ತಿ, ನೇಪಾಳ, ಭೂತಾನ್, ಮ್ಯಾನ್ಮಾರ್ ನೋಡಿ, 2020ರಲ್ಲಿ ಮೈಸೂರಿಗೆ ಮರಳುವಾಗ 50,000 ಕಿಲೋಮೀಟರ್ ದಾಟಿತ್ತು. ಅವರು ಡಾಲರ್ ಗಳಿಸಿದವರಲ್ಲ. ನಾವು ಗಳಿಸಿದವರು. ನಮ್ಮ ತಾಯಂದಿರನ್ನು ಆರು ತಿಂಗಳಿಗೆಂದು ಇಲ್ಲಿಗೆ ಕರೆಸಿ, ಮೊಮ್ಮಗು ನೋಡಿಕೊಳ್ಳಲು ಹೇಳಿ, ನಡುವೆ ಒಂದು ವಾರಾಂತ್ಯ ನಯಾಗರ ತೋರಿಸಿ ವಿಮಾನ ಹತ್ತಿಸಿದವರು. ನಾವೂ ಹಾಗೇ ಮಾಡಿದ್ದೇವೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇವೆ.

ಆದ್ದರಿಂದ ನಮ್ಮ ಹತ್ತು ತಿಂಗಳಲ್ಲಿ ಮೊದಲ ಎರಡು ತಿಂಗಳು ತಿಪಟೂರಿಗೆ ಮೀಸಲು. ಈವರೆಗೆ ಹೋದಾಗಲೆಲ್ಲ ಮೂರು ವಾರ. ಅದರಲ್ಲಿ ನಾಲ್ಕು ದಿನ ಜೆಟ್‌ಲ್ಯಾಗು, ಐದು ದಿನ ಬ್ಯಾಂಕು ಮತ್ತು ಸೈಟಿನ ಕೆಲಸ, ಮಿಕ್ಕದ್ದು ಮದುವೆ, ಮುಂಜಿ, ಗೃಹಪ್ರವೇಶ. ಅಮ್ಮನ ಜೊತೆ ಸುಮ್ಮನೆ ಜಗಲಿಯಲ್ಲಿ ಕೂತ ನೆನಪೇ ಇಲ್ಲ. ಫೋನಿನಲ್ಲಿ ಹೇಳಿದಾಗ ಅಮ್ಮ ನಂಬಲಿಲ್ಲ. "ಎರಡು ತಿಂಗಳೇ? ಅಲ್ಲಿ ಏನಾಯಿತು?" ಎಂದು ನೀವು ಕೇಳಿದ್ದನ್ನೇ ಕೇಳಿದರು. ಆಮೇಲೆ ಮೆಲ್ಲಗೆ, "ಹಾಗಾದರೆ ಕನ್ಯಾಕುಮಾರಿ ತೋರಿಸ್ತೀರಾ?" ಎಂದರು. ಎಂಬತ್ತೊಂದು ವರ್ಷದವರಿಗೆ ಈ ಆಸೆ ಇತ್ತೆಂದು ನಮಗೆ ಗೊತ್ತೇ ಇರಲಿಲ್ಲ. ಈಗ ಹೇಳಿ, ಧರ್ಮ ಯಾವುದು?

ಕೊನೆಯದು ಮಕ್ಕಳು. "ನಿಮ್ಮ ಮಕ್ಕಳು ದೊಡ್ಡವರು, ನಿಮಗೇನು?" ಎಂದಿರಿ. ಇಲ್ಲೇ ನಮ್ಮ ನೋವಿರುವುದು. ಅವರು ಮೂರನೆಯ, ಐದನೆಯ ಕ್ಲಾಸಿನಲ್ಲಿದ್ದಾಗಲೇ ಹೊರಡಬೇಕೆಂದುಕೊಂಡಿದ್ದೆವು. ಮೇರಿಲ್ಯಾಂಡ್, ವರ್ಜೀನಿಯಾ, ಜಾರ್ಜಿಯಾ, ಎರಡೂ ಕೆರೊಲೈನಾಗಳಲ್ಲಿ ಆಯಾ ರಾಜ್ಯದ ನಿಯಮ ಪಾಲಿಸಿ ಮಕ್ಕಳಿಗೆ ಮನೆಪಾಠ ಹೇಳಿಕೊಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ನಮಗಿದ್ದ ಅಡ್ಡಿ ನಾವೇ. ಗಿಫ್ಟೆಡ್ ಕ್ಲಾಸು ತಪ್ಪೀತು, ಭರತನಾಟ್ಯ ನಿಂತೀತು, ಕೂಟದಲ್ಲಿ ಜನ ಏನಂದಾರು ಎಂದು ಮುಂದೂಡಿದೆವು. ಈಗ ಮಗಳನ್ನು "ಒಂದು ತಿಂಗಳಾದರೂ ಬಂದು ಸೇರಿಕೋ" ಎಂದು ಕರೆದರೆ, "ರಜೆ ಇಲ್ಲಮ್ಮ" ಎನ್ನುತ್ತಾಳೆ. ಯಾರಿಂದ ಕಲಿತಳು?

ಹಾಗೆಂದು ಹತ್ತು ದಿನದಲ್ಲಿ ಎಂಟು ದೇಶ ತೋರಿಸುವ ಬಸ್ಸಿನಲ್ಲಿ ಹೋದರೆ ಸಾಲದೇ? ಸಾಲದು. ಒಂದು ಊರಿನಲ್ಲಿ ತಿಂಗಳು ನಿಂತು, ತರಕಾರಿ ಕೊಂಡು, ದಾರಿ ತಪ್ಪಿ, ಎರಡು ಮಾತು ಕಲಿತರೆ ಊರು ಬಾಯಿಬಿಡುತ್ತದೆ. ಕನ್ನಡಿಗರಿಗೆ ಇದು ಹೊಸದೂ ಅಲ್ಲ. ಯತಿಗಳಿಗೆ ಸಂಚಾರವೇ ಧರ್ಮ, ಒಂದೆಡೆ ನಿಲ್ಲುವುದು ಚಾತುರ್ಮಾಸ್ಯದಲ್ಲಿ. ಶಿವರಾಮ ಕಾರಂತರು ದೇಶವನ್ನೂ ಹೊರದೇಶಗಳನ್ನೂ ಸುತ್ತಿ ‘ಅಬೂವಿಂದ ಬರಾಮಕ್ಕೆ’, ‘ಅಪೂರ್ವ ಪಶ್ಚಿಮ’ ಬರೆದರು. ಗೊರೂರರು ಇಳಿವಯಸ್ಸಿನಲ್ಲಿ ನಮ್ಮ ಈ ದೇಶಕ್ಕೆ ಬಂದು, ಕಣ್ಣು ಬಿಟ್ಟು ನೋಡಿ, ‘ಅಮೆರಿಕದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾವು ಕಾಲು ಶತಮಾನ ಇಲ್ಲೇ ಇದ್ದು ಬರೆದದ್ದು ಇನ್‌ಕಮ್ ಟ್ಯಾಕ್ಸ್ ಫಾರಮ್ಮು.

ಬಂಧುಗಳೇ, ನೀವೂ ಹೊರಡಿ ಎಂದು ಒತ್ತಾಯವಿಲ್ಲ. ಎರಡೇ ಬೇಡಿಕೆ. ಹೊರಟವರಿಗೆ "ಏನಾಯಿತು?" ಎಂದು ಕೇಳುವುದನ್ನು ಬಿಟ್ಟು "ಎಲ್ಲಿಗೆ?" ಎಂದು ಕೇಳಿ. ಎರಡನೆಯದು, ಹೊರಡುವವರ ಮನೆಗೆ ಕಾವಲಾಗಿ. ವಾಷಿಂಗ್ಟನ್ನಿನ ಕಾವೇರಿಯವರು, ಅಟ್ಲಾಂಟಾದ ನೃಪತುಂಗದವರು, ಕೆರೊಲೈನಾಗಳ ಕನ್ನಡಿಗರು ಪರಸ್ಪರ ಒಂದು ಪಟ್ಟಿ ಮಾಡಿಕೊಳ್ಳಬಾರದೇಕೆ? ಟಪಾಲು ತೆಗೆದಿಡಲು ಒಬ್ಬರು, ಚಳಿಗಾಲದಲ್ಲಿ ನೀರಿನ ಪೈಪು ನೋಡಲು ಒಬ್ಬರು, ಭಾನುವಾರದ ಕನ್ನಡ ತರಗತಿ ನಡೆಸಿಕೊಡಲು ಒಬ್ಬರು. ವಾಪಸು ಬಂದ ಮೇಲೆ ನಿಮ್ಮ ಸರದಿ, ನಿಮ್ಮ ಮನೆಗೆ ನಾವು.

ಸದ್ಯಕ್ಕೆ ನಮ್ಮ ತುಳಸಿ ಗಿಡವೊಂದು ಮನೆ ಹುಡುಕುತ್ತಿದೆ. ಕಿಟಕಿಯಲ್ಲಿ ಬಿಸಿಲು ಚೆನ್ನಾಗಿ ಬರುವವರು ಗಣೇಶನ ಹಬ್ಬದೊಳಗೆ ತಿಳಿಸಿ. ಅಡ್ಡ ನಿಲ್ಲಲೇಬೇಕೆನ್ನುವವರು ಡಲ್ಲಸ್‌ಗೆ ಬನ್ನಿ, ಕೊಡೆ ಹಿಡಿದುಕೊಂಡೇ ಬರುತ್ತೇವೆ. ಒಂದು ಫೋಟೋ ತೆಗೆದು ಕಳಿಸಿಕೊಡಿ.

ಇಂತಿ,
ಹೊರಟು ನಿಂತ ನಿಮ್ಮ ಸದಸ್ಯ ದಂಪತಿಗಳು
ಜರ್ಮನ್‌ಟೌನ್, ಮೇರಿಲ್ಯಾಂಡ್