ಲೆಕ್ಕ ತೀರಿಸಿ ಎದುರುನೋಡೋಣ



ಮಳೆಗಾಲ ಹತ್ತಿರವಾದಂತೆ ನಮ್ಮ ಲೈನು ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: “ಇದು ಕಡೇ ಕಾಲ, ಇನ್ನು ಹೆಚ್ಚು ದಿನವಿಲ್ಲ.” ಹಾಗೆ ಹೇಳುವವರನ್ನು ನಾವು ಹಾಸ್ಯ ಮಾಡುವುದಿಲ್ಲ. 2019ರ ಆಗಸ್ಟ್ 8ರಂದು ವಯನಾಡಿನ ಪುತ್ತುಮಲೆಯಲ್ಲಿ ಗುಡ್ಡ ಕುಸಿಯಿತು. 2020ರ ಆಗಸ್ಟ್ 6ರ ರಾತ್ರಿ ಮುನ್ನಾರಿನ ಆಚೆ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಲೈನುಗಳ ಮೇಲೆ ಮಣ್ಣು ಬಿದ್ದು 70 ಜನ ಹೋದರು. 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲೆ ಊರುಗಳು ಕೊಚ್ಚಿಹೋಗಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ನಮ್ಮ ಹಾಗೆಯೇ ಹಾಜರಿ ಕೊಟ್ಟು, ಸೊಪ್ಪು ಕೊಯ್ದು ಬದುಕಿದವರಿದ್ದರು. ಇಷ್ಟನ್ನು ಕಂಡ ಮೇಲೆ ರಾತ್ರಿ ಮಳೆ ಜೋರಾದರೆ ನಿದ್ದೆ ಬಾರದಿರುವುದು ಸಹಜ.

ಆದರೆ ಈ ಭಯದ ಬೆನ್ನಿಗೇ ಎರಡು ತಪ್ಪು ಮಾತುಗಳು ನಮ್ಮ ನಡುವೆ ಬಂದು ಸೇರಿಕೊಂಡಿವೆ.

ಮೊದಲನೆಯದು, ಸತ್ತವರು ಪಾಪಿಗಳಾಗಿದ್ದರಿಂದ ಸತ್ತರು ಎಂಬುದು. ಇದಕ್ಕೆ ನಮ್ಮ ಕರ್ತನೇ ಉತ್ತರ ಕೊಟ್ಟಿದ್ದಾನೆ. ಲೂಕನ ಸುವಾರ್ತೆಯ 13ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಸಿಲೋವದಲ್ಲಿ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಅಪರಾಧಿಗಳೆಂದು ಎಣಿಸಬಾರದೆಂದು ಆತನು ಖಂಡಿತವಾಗಿ ಹೇಳಿದನು. ಹೇಳಿ, ಕೇಳುತ್ತಿದ್ದವರ ಕಡೆಗೇ ಮಾತನ್ನು ತಿರುಗಿಸಿ, ಅವರೇ ಮಾನಸಾಂತರಪಡಬೇಕೆಂದನು. ಸತ್ತವರ ಲೆಕ್ಕ ದೇವರಿಗೆ ಬಿಟ್ಟದ್ದು. ಉಳಿದಿರುವ ನಮ್ಮ ಲೆಕ್ಕವೇ ನಮ್ಮ ಮುಂದಿರುವುದು.

ಎರಡನೆಯದು, ಇಂಥ ವರ್ಷ, ಇಂಥ ತಿಂಗಳು ಕರ್ತನು ಬರುತ್ತಾನೆಂದು ದಿನ ಗೊತ್ತುಮಾಡುವುದು. ಮೊಬೈಲಿನಲ್ಲಿ ಇಂಥ ಸಂದೇಶಗಳು ಬರುತ್ತಲೇ ಇರುತ್ತವೆ. ಇದು ಹೊಸದಲ್ಲ. ಅಮೇರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ಬೋಧಕರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕರ್ತನು ಬರುವನೆಂದು ನಂಬಿ ಕಾದರು. ಕೆಲವರು ಹೊಲದ ಬೆಳೆಯನ್ನು ಕೀಳದೆ ಬಿಟ್ಟರು. 23ರ ಬೆಳಗು ಎಂದಿನಂತೆಯೇ ಬಂತು. ಅದೇ ದೇಶದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು. ಅದು ತಪ್ಪಿದಾಗ ಅಕ್ಟೋಬರ್ 21 ಎಂದರು. ಕೂಡಿಟ್ಟ ಹಣವನ್ನೆಲ್ಲ ಆ ಪ್ರಚಾರಕ್ಕೆ ಸುರಿದವರಿದ್ದರು. 2012ರಲ್ಲಿ ಅವರೇ ತಮ್ಮ ತಪ್ಪನ್ನು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಒಳ್ಳೆಯದೇ. ಆದರೆ ಆ ದಿನ ತಂದೆಗೆ ಮಾತ್ರ ಗೊತ್ತೆಂದು ಕರ್ತನೇ ಹೇಳಿರುವಾಗ ನಾವು ಅದನ್ನು ಎಣಿಸಲು ಹೊರಡುವುದು ಅವಿಧೇಯತೆ.

ಇದರ ಫಲವನ್ನು ನಮ್ಮ ತೋಟದಲ್ಲಿಯೂ ಕಂಡಿದ್ದೇವೆ. ಒಬ್ಬ ಸಹೋದರನಿಗೆ ಪ್ರಾವಿಡೆಂಟ್ ಫಂಡಿನ ಕಾಗದದಲ್ಲಿ ಹೆಂಡತಿಯ ಹೆಸರು ಬರೆಸಿಕೊಳ್ಳಲು ಎರಡು ಸಲ ಹೇಳಿದ್ದೆವು. “ಕರ್ತನು ಬರುವ ಕಾಲಕ್ಕೆ ಫಂಡು ಯಾಕಣ್ಣಾ?” ಎಂದು ನಕ್ಕುಬಿಟ್ಟನು. ಕರ್ತನ ಬರುವಿಕೆಗೆ ಮುಂಚೆ ಅವನಿಗೆ ಎದೆನೋವು ಬಂತು. ಅವನ ಹೆಂಡತಿ ಮರಣ ಪತ್ರ, ವಾರಸು ಪತ್ರ ಎಂದು ದಿನಗೂಲಿ ಕಳೆದುಕೊಂಡು ತಿಂಗಳುಗಟ್ಟಲೆ ಆಫೀಸಿಗೆ ಅಲೆದಳು. ಅವನೊಬ್ಬನನ್ನೇ ದೂರಲಾರೆವು. ಎರಡು ಸಲ ಹೇಳಿ ನಾವೂ ಸುಮ್ಮನಾದೆವು. ಮೂರನೆಯ ಸಲ ಕಾಗದವನ್ನು ಹಿಡಿದುಕೊಂಡು ಅವನ ಮನೆಗೆ ಹೋಗಲಿಲ್ಲ.

ಹಾಗಾದರೆ ಸಿದ್ಧತೆ ಎಂದರೇನು? ಲೂಕ 12ರಲ್ಲಿ ಕರ್ತನು ಒಬ್ಬ ಮನೆವಾರ್ತೆಯವನ ಸಾಮ್ಯವನ್ನು ಹೇಳುತ್ತಾನೆ. ಯಜಮಾನನು ಬಂದಾಗ ಧನ್ಯನೆನಿಸಿಕೊಂಡವನು ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದವನಲ್ಲ. ಜೊತೆಯ ಆಳುಗಳಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿದ್ದವನು. ಯಜಮಾನನು ತಡಮಾಡುತ್ತಾನೆಂದು ಕುಡಿದು, ಗಂಡಾಳು ಹೆಣ್ಣಾಳುಗಳನ್ನು ಹೊಡೆದವನು ಸಿಕ್ಕಿಬಿದ್ದನು. ತೋಟದಲ್ಲಿ ಬದುಕುವ ನಮಗೆ ಈ ಸಾಮ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಶ್ಚಾತ್ತಾಪವೂ ಹಾಗೆಯೇ. ಕೂಟದಲ್ಲಿ ಕಣ್ಣೀರು ಸುರಿಸುವುದು ಅದರ ಆರಂಭ ಮಾತ್ರ. ಸುಂಕದ ಜಕ್ಕಾಯನು ಏನು ಮಾಡಿದನು? ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದನು. ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದನು. ಅವನ ಮನೆಗೆ ರಕ್ಷಣೆ ಬಂದಿತೆಂದು ಕರ್ತನು ಹೇಳಿದ್ದು ಆ ಮಾತಿನ ಮೇಲೆಯೇ.

ನಮ್ಮಲ್ಲಿ ಜಕ್ಕಾಯನಷ್ಟು ಹಣವಿಲ್ಲ, ಆದರೆ ಲೆಕ್ಕಗಳು ಇವೆ. ಬ್ರಾಂದಿ ಅಂಗಡಿಯಲ್ಲಿ ರೊಕ್ಕ ಎಣಿಸಿಕೊಟ್ಟು, ಅಕ್ಕಿ ಅಂಗಡಿಯಲ್ಲಿ ಸಾಲ ಬರೆಸುವವರಿದ್ದೇವೆ. ಹೆಂಡತಿಯ ಕಿವಿಯೋಲೆ ಅಡವಿಟ್ಟು ಬಿಡಿಸದವರಿದ್ದೇವೆ. ಪಕ್ಕದವಳ ಬುಟ್ಟಿಯ ಸೊಪ್ಪನ್ನು ನಮ್ಮ ತೂಕಕ್ಕೆ ಸೇರಿಸಿಕೊಂಡವರಿದ್ದೇವೆ. ಒಂದೇ ಗೋಡೆಯ ಆಚೆ ಈಚೆ ಇದ್ದು ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದೇವೆ. ನಮ್ಮವರಲ್ಲಿ ಮೇಸ್ತ್ರಿಗಳೂ ರೈಟರುಗಳೂ ಇದ್ದಾರೆ. ಅರ್ಧ ದಿನದ ಹಾಜರಿ ಹೊಡೆಯುವ ಪೆನ್ನನ್ನೂ ತಕ್ಕಡಿಯ ಮುಳ್ಳನ್ನೂ ಕರ್ತನು ಕಾಣುತ್ತಾನೆಂದು ಅವರಿಗೆ ಪ್ರೀತಿಯಿಂದ ನೆನಪಿಸುತ್ತೇವೆ. ಈ ಲೆಕ್ಕಗಳಲ್ಲಿ ಒಂದನ್ನಾದರೂ ಈ ವಾರ ತೀರಿಸಿದರೆ ಅದು ಸಿದ್ಧತೆಯ ಮೊದಲ ಹೆಜ್ಜೆ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. “ಲೋಕವೇ ಮುಗಿಯುತ್ತಿರುವಾಗ ಕೂಲಿಗಾಗಿ, ಮನೆ ರಿಪೇರಿಗಾಗಿ ಕೇಳುತ್ತಾ ಕೂತಿರುವುದೇಕೆ? ಯೂನಿಯನ್ ಲೋಕದ ಕೆಲಸ” ಎಂದು ಕೆಲವು ಬೋಧಕರು ಹೇಳುತ್ತಿದ್ದಾರೆ. ಅವರು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದಲಿ. ಕರ್ತನ ಬರುವಿಕೆಯ ತನಕ ತಾಳ್ಮೆಯಿಂದಿರಲು ಹೇಳುವ ಅದೇ ಅಧ್ಯಾಯವು, ಪೈರು ಕೊಯ್ದವರಿಂದ ಹಿಡಿದುಕೊಂಡ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟಿದೆಯೆಂದೂ ಹೇಳುತ್ತದೆ. ಎರಡನ್ನೂ ಒಂದೇ ಕೈ ಬರೆಯಿತು. ಕರ್ತನು ಬರುತ್ತಾನೆಂಬ ಕಾರಣಕ್ಕೇ ಬಾಕಿ ಕೂಲಿಯನ್ನು ಕೊಡಬೇಕು. ಸೋರುವ ಸೂರಿಗಾಗಿಯೂ ಲೈನಿನ ಹಿಂದೆ ಮಣ್ಣು ತುಂಬಿದ ಚರಂಡಿಗಾಗಿಯೂ ಅರ್ಜಿ ಕೊಡುವುದು ಅವಿಶ್ವಾಸವಲ್ಲ. ಮಕ್ಕಳನ್ನು ಕಾಯುವ ಮನೆವಾರ್ತೆಯ ಕೆಲಸವದು. ಆದರೆ ಕೇಳುವ ನಾವು ಸುಳ್ಳು ಹೇಳಬಾರದು, ಕೈ ಎತ್ತಬಾರದು, ದ್ವೇಷ ಇಟ್ಟುಕೊಳ್ಳಬಾರದು. ವಿಧೇಯತೆ ಮಾಲೀಕರಿಗೂ ನಮಗೂ ಒಂದೇ.

ಈಗ ನಮ್ಮ ಸ್ವಂತ ಲೆಕ್ಕ. ನಮ್ಮ ಕೂಟದ ಮರಣ ಸಹಾಯ ನಿಧಿಗೆ ನೀವು ಪ್ರತಿ ಬಟವಾಡೆಯಲ್ಲಿಯೂ ಹಣ ಕೊಡುತ್ತಾ ಬಂದಿದ್ದೀರಿ. ಅದರ ಲೆಕ್ಕವನ್ನು ನಾವು ಒಂದೂವರೆ ವರ್ಷದಿಂದ ಓದಿ ಹೇಳಿಲ್ಲ. ಹಣ ಪೋಲಾಗಿಲ್ಲ. ಕೆಲಸ ಹೆಚ್ಚೆಂಬ ನೆಪ ಹೇಳಿ ಮುಂದೂಡಿದೆವು. ಕೇಳಿದ ಒಬ್ಬ ತಾಯಿಗೆ “ನಮ್ಮ ಮೇಲೆ ನಂಬಿಕೆ ಇಲ್ಲವೇ?” ಎಂದು ಗದರಿಸಿಯೂ ಬಿಟ್ಟೆವು. ಅದು ತಪ್ಪು. ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ, ಇಲ್ಲಿ ನಿಮ್ಮೆಲ್ಲರ ಕ್ಷಮೆಯನ್ನೂ ಬೇಡುತ್ತೇವೆ. ಬರುವ ತಿಂಗಳ ಮೊದಲ ಭಾನುವಾರ ಆರಾಧನೆಯ ಬಳಿಕ ರಸೀದಿಗಳೊಂದಿಗೆ ಪುಸ್ತಕವನ್ನು ತೆರೆದಿಡುತ್ತೇವೆ. ಪ್ರತಿಯೊಬ್ಬರೂ ಬಂದು ನೋಡಿರಿ, ಕೇಳಿರಿ. ಅದೇ ದಿನ ಫಂಡಿನ ಕಾಗದಗಳಲ್ಲಿ ಹೆಸರು ಬರೆಸದವರಿಗೆ ಅಲ್ಲಿಯೇ ಕೂತು ತುಂಬಿಸಿಕೊಡುತ್ತೇವೆ. ಬಾರದವರ ಮನೆಗೆ ನಾವೇ ಬರುತ್ತೇವೆ, ಮೂರನೆಯ ಸಲವೂ ಬರುತ್ತೇವೆ.

ಕರ್ತನು ಬರುವುದು ನಿಶ್ಚಯ. ಮಧ್ಯರಾತ್ರಿಯೋ, ಕೋಳಿ ಕೂಗುವ ಹೊತ್ತೋ, ನಾವು ಸೊಪ್ಪು ತೂಕಕ್ಕೆ ಸಾಲಾಗಿ ನಿಂತಿರುವಾಗಲೋ ತಿಳಿಯದು. ಬಂದಾಗ ನಮ್ಮ ಕೈಯಲ್ಲಿ ಪರರ ಸೊತ್ತು ಇರದಿರಲಿ, ನಮ್ಮ ಬಾಯಲ್ಲಿ ತೀರದ ಜಗಳ ಇರದಿರಲಿ. ಆ ಕೃಪೆಯನ್ನು ತಂದೆಯಾದ ದೇವರು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೆನ್.