ಅಕ್ಕ ತೊರೆದದ್ದು ದೇಹವನ್ನಲ್ಲ

ಅಕ್ಕಮಹಾದೇವಿಯ ವಚನಗಳ ತಿರುಳು ದೇಹದ್ವೇಷ ಎಂದು ಈಚಿನ ಲೇಖನವೊಂದು ತೀರ್ಪು ಕೊಟ್ಟಿದೆ. ಒಪ್ಪಲಾಗದು. 12ನೇ ಶತಮಾನದ ಈ ಕವಿ ಬಿಟ್ಟದ್ದು ಮೈಯನ್ನಲ್ಲ, ಅದರ ಮೇಲೆ ಇತರರು ಹೂಡಿದ ಒಡೆತನವನ್ನು. ದೇಹವೇ ಬೇಡವಾಗಿದ್ದರೆ ತನ್ನ ದೈವವಾದ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದು ವಿರಹದಲ್ಲಿ ಬೇಯುವುದೇಕೆ? ಗಿಳಿ, ಕೋಗಿಲೆ, ದುಂಬಿಗಳನ್ನು ನಿಲ್ಲಿಸಿ ಅವನ ಸುಳಿವು ಕೇಳುವ ದನಿ ಇಂದ್ರಿಯಗಳನ್ನು ಮುಚ್ಚಿಕೊಂಡವರದಲ್ಲ; ಅಲ್ಲಿ ಕಾಡು ಬರಿಯ ಅಲಂಕಾರವಲ್ಲ, ಓಗೊಡಬಲ್ಲ ನೆಂಟರ ಬಳಗ.

ದೇಹವನ್ನು ಹೊಲಸೆಂದು ಜರೆಯುವ ವಚನಗಳೂ ಇವೆಯಲ್ಲ ಎನ್ನಬಹುದು. ಇವೆ, ನಿಜ. ಆದರೆ ಅವುಗಳಲ್ಲಿ ಕೆಲವು ಹೆಣ್ಣಿನ ಚೆಲುವಿಗೆ ಮರುಳಾಗಿ ಬೆನ್ನುಹತ್ತಿದವರಿಗೆ ಎದುರಾಗಿ ಆಡಿದ ಮಾತು. ಕೇಳುವವನನ್ನು ಮರೆತು ಓದಿದರೆ ಬಿಡಿಸಿಕೊಳ್ಳುವ ಸಿಟ್ಟೇ ಹೇಸಿಗೆಯಂತೆ ಕಾಣುತ್ತದೆ. ಶರಣರ ಸಂವಾದಗಳ ಕೃತಿಯಾದ ಶೂನ್ಯಸಂಪಾದನೆಯಲ್ಲಿ, ಉಡುಗೆ ತೊರೆದ ಮೈಗೆ ಕೂದಲ ಮರೆಯೇಕೆ ಎಂದು ವಚನಕಾರ ಅಲ್ಲಮ ಕೆಣಕಿದಾಗಲೂ, ಅದು ನೋಡುವವರ ಹಿತಕ್ಕಾಗಿ ಎನ್ನುತ್ತಾಳೆ ಅಕ್ಕ. ನಾಚಿಕೆಯ ಹೊರೆಯನ್ನು ತಾನು ಹೊರುವುದಿಲ್ಲ.