ಬೀಗತನಕ್ಕೆ ಅಡ್ಡ ಬಂದ ಪಕ್ಷ

ಹೆಣ್ಣು ಕೊಡುವಾಗಲೂ ತರುವಾಗಲೂ ನಮ್ಮ ಹಿರಿಯರು ವಿಚಾರಿಸುವ ಸಂಗತಿಗಳು ವಾಚಕರಿಗೆ ತಿಳಿದವೇ: ಕುಲ, ಗೋತ್ರ, ಜಾತಕ, ಹೊಲ, ಮನೆ, ಸಂಬಳ. ಬೀಗರಾಗಲಿರುವವರ ಮತ ಯಾವ ಪಕ್ಷಕ್ಕೆ ಬೀಳುತ್ತದೆಂಬುದು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಅಮೆರಿಕದಲ್ಲಿ ಈ ಪ್ರಶ್ನೆಯನ್ನು ವಿದ್ವಾಂಸರು ಜನರ ಮುಂದಿಟ್ಟೇ ಕೇಳಿದರು. ಗೇಬ್ರಿಯಲ್ ಆಲ್ಮಂಡ್ ಮತ್ತು ಸಿಡ್ನಿ ವೆರ್ಬಾ ಎಂಬ ರಾಜ್ಯಶಾಸ್ತ್ರಜ್ಞರು ಐದು ದೇಶಗಳ ಪೌರಜೀವನವನ್ನು ಹೋಲಿಸಿ ನೋಡಲು ನಡೆಸಿದ ಸಮೀಕ್ಷೆಯಲ್ಲಿ ಅದೂ ಒಂದು ಪ್ರಶ್ನೆ. ಮಗನೋ ಮಗಳೋ ಎದುರು ಪಕ್ಷದವರನ್ನು ವರಿಸಿದರೆ ಅಸಮಾಧಾನವಾದೀತೆ ಎಂದುದಕ್ಕೆ 1960ರ ಸುಮಾರಿನಲ್ಲಿ ಹೌದೆಂದವರು ರಿಪಬ್ಲಿಕನ್ನರಲ್ಲಿ ನೂರಕ್ಕೆ 5 ಮಂದಿ, ಡೆಮೊಕ್ರಾಟರಲ್ಲಿ ನೂರಕ್ಕೆ 4. ಇಂಥದೂ ಒಂದು ಪ್ರಶ್ನೆಯೆ ಎಂದು ಉಳಿದವರು ನಕ್ಕಿದ್ದರೆ ಆಶ್ಚರ್ಯವಿಲ್ಲ. 2010ರಲ್ಲಿ ಅದೇ ಬಗೆಯ ಪ್ರಶ್ನೆ ಬಂದಾಗ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು ಮಂದಿ, ಡೆಮೊಕ್ರಾಟರಲ್ಲಿ ಮೂರನೆಯ ಒಂದು ಪಾಲು, ತಮಗೆ ಬೇಸರವಾಗುವುದೆಂದರು.

ಇದಕ್ಕೆ ಧ್ರುವೀಕರಣವೆಂದು ಹೆಸರಿಟ್ಟು ಮುಂದೆ ಹೋಗುವುದು ರೂಢಿ. ಕನ್ನಡ ಪಾಠ ಹೇಳುವವನಾದ ನನಗೆ ಈ ಪದದ ಮೇಲೆ ಸ್ವಲ್ಪ ಗುಮಾನಿಯುಂಟು. ದೂರ ಸರಿದುದು ಅಭಿಪ್ರಾಯಗಳೋ ಮನಸ್ಸುಗಳೋ ಎಂಬುದನ್ನು ಅದು ಹೇಳುವುದಿಲ್ಲ. ಅಣ್ಣತಮ್ಮಂದಿರು ಒಂದೇ ಬಗೆಯ ಉಳುಮೆ ಮಾಡುತ್ತಲೇ ಮಾತು ಬಿಡಬಹುದು. ಬೇರೆ ಬೇರೆ ಕಸುಬು ಹಿಡಿದೂ ಒಂದೇ ಪಂಕ್ತಿಯಲ್ಲಿ ಉಣ್ಣಬಹುದು.

ಒಂದು ವಿನೋದವನ್ನು ಇಲ್ಲಿ ನೆನೆಯಬೇಕು. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರ ಸಂಘದ ಸಮಿತಿಯೊಂದು ವರದಿ ಹೊರಡಿಸಿ, ತಮ್ಮ ಎರಡು ಪಕ್ಷಗಳಿಗೂ ಖಚಿತವಾದ, ಪರಸ್ಪರ ಭಿನ್ನವಾದ ಕಾರ್ಯಕ್ರಮಗಳಿಲ್ಲವೆಂದು ಕೊರಗಿತು. ಬೇಡಿದ ವರ ಸಿಕ್ಕಿತು, ಬೇಡಿದವರು ನೆನೆಯದ ರೂಪದಲ್ಲಿ. ಆಗ ದಕ್ಷಿಣದ ಡೆಮೊಕ್ರಾಟರು ವರ್ಣಭೇದದ ಕಾವಲುಗಾರರು. ಉತ್ತರದಲ್ಲಿ ಉದಾರವಾದಿಗಳಾದ ರಿಪಬ್ಲಿಕನ್ನರು ಅನೇಕರಿದ್ದರು. 1964ರ ಪೌರಹಕ್ಕುಗಳ ಶಾಸನವನ್ನು ಹಟತೊಟ್ಟು ವಿರೋಧಿಸಿದವರು ಆ ದಕ್ಷಿಣದ ಡೆಮೊಕ್ರಾಟ್ ಸೆನೆಟರುಗಳೇ. ಅದಕ್ಕೆ ಒಪ್ಪಿಗೆಯಿತ್ತವರ ಪ್ರಮಾಣ ಸೆನೆಟಿನಲ್ಲಿ ಡೆಮೊಕ್ರಾಟರಿಗಿಂತ ರಿಪಬ್ಲಿಕನ್ನರಲ್ಲಿಯೇ ಹೆಚ್ಚು. ಆದರೂ ಶಾಸನಕ್ಕೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಡೆಮೊಕ್ರಾಟ್ ಆಗಿದ್ದುದರಿಂದ, ದಕ್ಷಿಣದ ಬಿಳಿಯರು ಕೆಲವು ದಶಕಗಳಲ್ಲಿ ಮೆಲ್ಲಮೆಲ್ಲನೆ ಎದುರು ಪಾಳೆಯಕ್ಕೆ ನಡೆದರು. ಕರಿಯರು ಬಹುಪಾಲು ಡೆಮೊಕ್ರಾಟರೊಡನೆ ನಿಂತರು. ಹಿಂದೆ ವರ್ಣ, ಚರ್ಚು, ಪಟ್ಟಣ, ಹಳ್ಳಿ ಎಂಬ ಗೆರೆಗಳು ಒಂದನ್ನೊಂದು ಅಡ್ಡಹಾಯುತ್ತಿದ್ದವು. ಕಾಲಕ್ರಮದಲ್ಲಿ ಅವೆಲ್ಲ ಪಕ್ಷವೆಂಬ ಒಂದೇ ಗೆರೆಯ ಮೇಲೆ ಬಂದು ಕೂಡಿಕೊಂಡವು. ಕಾರಣಗಳಲ್ಲಿ ಇದನ್ನೇ ನಾನು ಮೊದಲು ಎಣಿಸುತ್ತೇನೆ.

ಈಗ ಅಂಕಿಗಳಿಗೆ ಬರೋಣ. ಪ್ಯೂ ಸಂಶೋಧನ ಕೇಂದ್ರವು 2014ರಲ್ಲಿ ಹತ್ತು ಸಾವಿರ ಮಂದಿಯನ್ನು ಪ್ರಶ್ನಿಸಿತು. ಎಲ್ಲ ವಿಷಯಗಳಲ್ಲಿಯೂ ಎಡಕ್ಕೋ ಬಲಕ್ಕೋ ಏಕಪ್ರಕಾರವಾಗಿ ವಾಲಿದವರು 1994ರಲ್ಲಿ ನೂರಕ್ಕೆ 10 ಇದ್ದರು, 2014ರಲ್ಲಿ 21. ಇಮ್ಮಡಿಯಾಯಿತೆಂದು ಸುದ್ದಿಯಾಯಿತು, ಸರಿ. ಉಳಿದ 79 ಮಂದಿ ಒಂದರಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಎನ್ನುವವರೆಂಬುದು ಸುದ್ದಿಯಾಗಲಿಲ್ಲ. ಅದೇ ಅವಧಿಯಲ್ಲಿ ಎದುರು ಪಕ್ಷವೆಂದರೆ ತೀರ ಆಗದೆನ್ನುವ ರಿಪಬ್ಲಿಕನ್ನರು ನೂರಕ್ಕೆ 17 ಇದ್ದವರು 43 ಆದರು. ಡೆಮೊಕ್ರಾಟರಲ್ಲಿ 16 ಇದ್ದದ್ದು 38ಕ್ಕೇರಿತು. 1948ರಿಂದ ನಡೆದುಬಂದಿರುವ ರಾಷ್ಟ್ರೀಯ ಚುನಾವಣಾ ಅಧ್ಯಯನದಲ್ಲಿ 'ಭಾವದ ಉಷ್ಣಮಾಪಕ'ವೆಂಬುದೊಂದಿದೆ: ಸೊನ್ನೆಯೆಂದರೆ ತಣ್ಣನೆಯ ತಿರಸ್ಕಾರ, ನೂರೆಂದರೆ ಬೆಚ್ಚನೆಯ ಪ್ರೀತಿ. ಸ್ವಪಕ್ಷಕ್ಕೂ ಪರಪಕ್ಷಕ್ಕೂ ಕೊಟ್ಟ ಅಂಕಗಳ ಅಂತರ 1978ರಲ್ಲಿ ಸುಮಾರು 23 ಡಿಗ್ರಿ, 2016ರಲ್ಲಿ ಸುಮಾರು 41. ಸ್ವಪಕ್ಷದ ಮೇಲಿನ ಪ್ರೀತಿಯೇನೂ ಉಕ್ಕಲಿಲ್ಲ. ಪರಪಕ್ಷದ ಕಡೆಯ ಪಾದರಸ ಇಳಿಯಿತು, ಅಷ್ಟೆ.

ಆದರೆ ಉತ್ತರವಿತ್ತವನ ಕಣ್ಣಮುಂದೆ ಆ ಗಳಿಗೆಯಲ್ಲಿ ಯಾರ ಮುಖವಿತ್ತು? ಜೇಮ್ಸ್ ಡ್ರಕ್‌ಮನ್ ಮತ್ತು ಮ್ಯಾಥ್ಯೂ ಲೆವೆಂಡಸ್ಕಿ 2019ರಲ್ಲಿ ತೋರಿಸಿದಂತೆ, ಎದುರು ಪಕ್ಷವೆಂದೊಡನೆ ಜನರಿಗೆ ನೆನಪಾಗುವವರು ಅದರ ಮುಂದಾಳುಗಳು. ಆ ಪಕ್ಷಕ್ಕೆ ಮತವೀಯುವ ನೆರೆಮನೆಯಾತನಲ್ಲ. ಬೀಗತನದ ಪ್ರಶ್ನೆಗೂ ಇದೇ ಗತಿ. 2018ರಲ್ಲಿ ಸಮಾರಾ ಕ್ಲಾರ್ ಮತ್ತು ಅವರ ಸಂಗಡಿಗರು ಪ್ರಶ್ನೆಗೆ ಒಂದು ಸಣ್ಣ ಬಾಲವನ್ನು ಸೇರಿಸಿದರು: ಬರುವ ಅಳಿಯನೋ ಸೊಸೆಯೋ ರಾಜಕೀಯವನ್ನು ಅಪರೂಪಕ್ಕೆ ಮಾತ್ರ ಮಾತಾಡುವವರು. ಬೇಸರಪಡುವವರ ಸಂಖ್ಯೆ ಕೂಡಲೇ ತಗ್ಗಿತು. ಅನೇಕರಿಗೆ ಬೇಡವಾದುದು ಪಕ್ಷಕ್ಕಿಂತ ಹೆಚ್ಚಾಗಿ ಊಟದ ಹೊತ್ತಿನ ವಾಗ್ವಾದ. ಇದು ಯಾವ ದೇಶದ ಮಾವನಿಗೂ ಅರ್ಥವಾಗುವ ಮಾತು!

ಕಲ್ಪನೆಯ ಪಾಲೂ ಕಡಮೆಯಿಲ್ಲ. ಡಗ್ಲಾಸ್ ಆಲರ್ ಮತ್ತು ಗೌರವ್ ಸೂದ್ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗೆ ಮಿಕ್ಕ ಆದಾಯವುಳ್ಳವರು ರಿಪಬ್ಲಿಕನ್ನರಲ್ಲಿ ನೂರಕ್ಕೆ 38 ಎಂದು ಜನ ಊಹಿಸಿದ್ದರು. ಇದ್ದವರು 2. ಇಲ್ಲದ ವೈರಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅವನೊಡನೆ ಕಾದುವವನ ಕೋಪ ಮಾತ್ರ ನಿಜವಾದದ್ದೇ.

ಇದೆಲ್ಲಕ್ಕೂ ಕೈಯಲ್ಲಿಯ ಫೋನೇ ಕಾರಣವೆನ್ನುವುದು ಸುಲಭ, ಹಿತಕರವೂ ಹೌದು. 2017ರಲ್ಲಿ ಬಾಕ್ಸೆಲ್, ಗೆಂಟ್ಸ್ಕೊ, ಶಪಿರೊ ಎಂಬ ಅರ್ಥಶಾಸ್ತ್ರಜ್ಞರು ಅದೇ ಚುನಾವಣಾ ಅಧ್ಯಯನದ ಅಂಕಿಗಳನ್ನು ವಯಸ್ಸಿನಂತೆ ಬಿಡಿಸಿ ನೋಡಿದಾಗ, ವಿಭಜನೆ ಹೆಚ್ಚು ಬೆಳೆದುದು ಅಂತರಜಾಲವನ್ನು ಅತಿ ಕಡಮೆ ಬಳಸುವ ವೃದ್ಧರಲ್ಲಿ ಎಂದು ಕಂಡಿತು. ಅಂತರಜಾಲ ನಿರ್ದೋಷಿಯೆಂದು ಇದರಿಂದ ಸಿದ್ಧವಾಗದು. ಆದರೆ ಮೊದಲ ಅಪರಾಧಿಯಂತೂ ಅದಲ್ಲ.

ಪರಿಣಾಮಗಳ ಮಾತಿಗೆ ಬಂದರೆ, ಕೆಲವು ಬಾಯಿಮಾತನ್ನು ಮೀರಿವೆ. 2016ರ ಚುನಾವಣೆಯ ಬೆನ್ನಿಗೇ ಬಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಫೋನುಗಳ ಚಲನವಲನವನ್ನು ಅವುಗಳ ಒಡೆಯರು ವಾಸಿಸುವ ಮತಗಟ್ಟೆ ಪ್ರದೇಶದ ಫಲಿತಾಂಶದೊಡನೆ ಹೊಂದಿಸಿ ನೋಡಿದ ಚೆನ್ ಮತ್ತು ರೋಲಾ, ಎದುರುಬದುರು ಪಕ್ಷಗಳ ಪ್ರದೇಶಗಳವರು ಕಲೆತ ಔತಣಗಳು 30ರಿಂದ 50 ನಿಮಿಷ ಮೊದಲೇ ಮುಗಿದವೆಂದು ಲೆಕ್ಕ ಹಾಕಿದರು. ಅರ್ಧ ಊಟದಲ್ಲಿ ಎದ್ದುಹೋದ ನೆಂಟರು ಸಮೀಕ್ಷಕನಿಗೆ ಸುಳ್ಳು ಹೇಳಿದವರಲ್ಲ.

ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ತಮ್ಮ ಅಭ್ಯರ್ಥಿಯೇ ಎದುರಾಳಿಗಳ ಬಡಾವಣೆಗಳಲ್ಲಿ ಮತಗಟ್ಟೆಗಳನ್ನು ಕಡಮೆ ಮಾಡುವೆನೆಂದರೆ, ನ್ಯಾಯಾಲಯದ ತೀರ್ಪನ್ನು ಕಡೆಗಣಿಸುವೆನೆಂದರೆ ಮತದಾರ ಅವನನ್ನು ಕೈಬಿಡುವನೆ? ಗ್ರಹಾಂ ಮತ್ತು ಸ್ವೋಲಿಕ್ 2020ರಲ್ಲಿ ಕೊಟ್ಟ ಲೆಕ್ಕದಂತೆ ಹಾಗೆ ಮಾಡುವವರು ನೂರಕ್ಕೆ ಸುಮಾರು ಮೂರೂವರೆ. ಪರಪಕ್ಷದ್ವೇಷವೇ ಇದಕ್ಕೆ ಕಾರಣ, ಅದನ್ನು ತಣಿಸಿದರೆ ಎಲ್ಲ ಸರಿಹೋದೀತು ಎಂದು ಎಣಿಸಿದವರಿದ್ದರು. 2023ರಲ್ಲಿ ಬ್ರೂಕ್‌ಮನ್, ಕಲ್ಲಾ, ವೆಸ್ಟ್‌ವುಡ್ ಎಂಬ ಮೂವರು ಪ್ರಯೋಗದಿಂದ ಆ ದ್ವೇಷವನ್ನು ತಗ್ಗಿಸಿ ನೋಡಿದರು. ಉಷ್ಣಮಾಪಕದ ಪಾದರಸ ಏರಿತು, ಎದುರು ಪಕ್ಷದವರ ಮೇಲೆ ಮನಸ್ಸು ಮೆತ್ತಗಾಯಿತು. ಸ್ವಪಕ್ಷದವನ ಅಕ್ರಮವನ್ನು ಸಹಿಸಿಕೊಳ್ಳುವ ಗುಣ ಮಾತ್ರ ಇದ್ದಲ್ಲಿಯೇ ಇತ್ತು.